ಸುರಪುರದ ಕಾರಭಾರಿ

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದಾಗ ಶಹಾಪುರದ ನಮ್ಮ ಓಣಿಯಲ್ಲಿ ಪಟಾಕಿ ನಿಲ್ಲಲೇ ಇಲ್ಲ. ಮರುದಿನ ಬೆಳಿಗ್ಗೆ, ಬೆಂಗಳೂರಿನ ಕಾಲ್ತುಳಿತದ ಕೆಟ್ಟ ಸುದ್ದಿ ಬರುವುದಕ್ಕೆ ಮುಂಚೆ, ಚಾದಂಗಡಿಯಲ್ಲಿ ವಾದ ಹತ್ತಿತ್ತು. ಗೆಲುವು ಯಾರ ಲೆಕ್ಕಕ್ಕೆ? 2008ರಲ್ಲಿ ತಂಡ ಕೊಂಡ ಮಲ್ಯರದೋ, ಆಮೇಲೆ ಬಂದ ಡಿಯಾಜಿಯೊದ್ದೋ? "ಹೊಸ ಮಾಲಕ ಬಂದ ಮ್ಯಾಲೆ ಹತ್ ವರ್ಷರ ತಾಳಬೇಕ್ರೀ ಕಾಕಾ, ಆಮ್ಯಾಲೆ ಮಾತಾಡಬೇಕು" ಎಂದ ಒಬ್ಬ ಹುಡುಗ. ನನಗೆ ಸುರಪುರ ನೆನಪಾಯಿತು. ಅಲ್ಲಿಯ ಜನ 11 ವರ್ಷ ತಾಳಿದ್ದರು.

ಬಿದ್ದು ಏಳುವುದು ಸುರಪುರದ ಬೇಡ ನಾಯಕರಿಗೆ ಹೊಸದಲ್ಲ. 1705ರಲ್ಲಿ ಔರಂಗಜೇಬ ವಾಗಿನಗೇರಾ ಕೋಟೆ ಹಿಡಿದ. ನಾಯಕರು ಸುರಪುರದ ಗುಡ್ಡಗಳ ನಡುವೆ ಮತ್ತೆ ರಾಜಧಾನಿ ಕಟ್ಟಿಕೊಂಡರು. ಆದರೆ 1841ರ ಹೊತ್ತಿಗೆ ಶತ್ರು ಕೋಟೆಯ ಹೊರಗಿರಲಿಲ್ಲ, ವಹಿಯೊಳಗಿದ್ದ. ನಿಜಾಮನ ಬಾಕಿ, ಕೊರಳಮಟ ಸಾಲ. ಮರುವರ್ಷ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಚಿಕ್ಕವ. ರಾಣಿ ಈಶ್ವರಮ್ಮನಿಗೂ ಅರಮನೆಯ ಉಳಿದವರಿಗೂ ಆಗಿಬರುತ್ತಿರಲಿಲ್ಲ. ಆ ಮನೆಗೆ ಯಜಮಾನಿಕೆ ಮಾಡಲು ಬಂದವನು ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್.

ಅವನ ಕೆಲಸವನ್ನು ನಾನು ನೋಡುವುದು ನೀರಿನ ಲೆಕ್ಕದವನ ಕಣ್ಣಿಂದ. ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಲೆಡ್ಜರು ಬರೆಯುತ್ತಲೇ ನಿವೃತ್ತನಾದೆ. ಹಾಗಾಗಿ ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್‌ಗಿಂತ ಬೋನಾಳದ ಕೆರೆಯೇ ನನಗೆ ಮುಖ್ಯ. ನಾಯಕರು ಕಟ್ಟಿಸಿದ್ದ ಕೆರೆಯನ್ನು ಇವನು ದೊಡ್ಡದು ಮಾಡಿಸಿದ. ಈಗ ಅದು ಪಕ್ಷಿಧಾಮ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ನಿವೃತ್ತನಾದ ವರ್ಷ ಏರಿಯ ಮೇಲೆ ಒಂದು ಮುಂಜಾನೆ ಕುಳಿತಿದ್ದೆ. ಒಂದು ಹಿಂಡು ಎದ್ದಾಗ ನೀರು ಹರಿದಂತೆ ಸದ್ದು. ಏರಿಯ ಕೆಲಸಕ್ಕೆ ಟೇಲರನಿಗೆ ಪೂರ್ತಿ ಅಂಕ.

ಉಳಿದದ್ದಕ್ಕೆ ಸಾಕ್ಷಿ ಏನಿದೆ? ಸಾಲ ತೀರಿಸಿದ್ದು, ಕಂದಾಯ ಸರಿಪಡಿಸಿದ್ದು, ಜನ ತನ್ನನ್ನು ಮೆಚ್ಚಿದ್ದು, ಇವೆಲ್ಲ ಹೆಚ್ಚಾಗಿ ಅವನ ಆತ್ಮಕಥೆಯಿಂದಲೇ ನಮಗೆ ಬಂದವು. ಅವನು 1876ರಲ್ಲಿ ಸತ್ತ ಮೇಲೆ ಮಗಳು ಅದನ್ನು ಅಚ್ಚು ಹಾಕಿಸಿದಳು. ನಮ್ಮ ಕಚೇರಿಯಲ್ಲಿ ವಹಿ ಬರೆದವನೇ ತಪಾಸಣೆಯ ಸಹಿ ಹಾಕುವಂತಿರಲಿಲ್ಲ. ಸುಳ್ಳು ಬರೆದ ಎನ್ನುತ್ತಿಲ್ಲ; ಇನ್ನೊಂದು ಸಹಿ ಬೇಕಿತ್ತು.

ಆ ಸಹಿ ಹಾಕಬೇಕಾದವನು ವೆಂಕಟಪ್ಪ. ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತ ಬೆಳೆದ ಹುಡುಗ. 1853ರಲ್ಲಿ ಸಂಸ್ಥಾನವನ್ನು ಅವನ ಕೈಗೊಪ್ಪಿಸಿ ಟೇಲರ್ ಹೊರಟುಹೋದ. ಐದು ವರ್ಷಕ್ಕೆ, 1858ರ ಫೆಬ್ರುವರಿಯಲ್ಲಿ, ಸುರಪುರದ ಬೇಡರು ಇಂಗ್ಲಿಷರ ಮೇಲೆ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಓಡಿ ಸಿಕ್ಕಿಬಿದ್ದ. ಸೆರೆಮನೆಗೆ ಹೋಗಿ ಕಂಡ ಟೇಲರನಿಗೆ ಅವನು ಹೇಳಿದ್ದು ಇಷ್ಟು: ಕಳ್ಳನ ಹಾಗೆ ನೇಣು ಬೇಡ, ತೋಪಿನ ಬಾಯಿಗೆ ಕಟ್ಟಿದರೂ ಸರಿ. ಮರಣದಂಡನೆ ಇಳಿದು ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವಾಗ, ಹೈದರಾಬಾದು ಬಿಟ್ಟ ಮೊದಲ ಬಿಡದಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತು. ತಾನೇ ಹೊಡೆದುಕೊಂಡ ಎನ್ನುತ್ತದೆ ದಾಖಲೆ. ವಯಸ್ಸು 24ರ ಆಸುಪಾಸು. ಅವನ ಜಾತಕದಲ್ಲಿ ಆಯುಷ್ಯ ಅಷ್ಟೇ ಎಂದಿತ್ತಂತೆ. ಆ ಕಥೆಯೂ ಟೇಲರನದೇ.

ಚಾದಂಗಡಿಯ ಹುಡುಗನಿಗೆ ನನ್ನ ತಕರಾರು ವರ್ಷಗಳ ಎಣಿಕೆಯ ಬಗ್ಗೆ ಅಲ್ಲ. ಸುರಪುರದವರು 11 ವರ್ಷ ತೂಗಿ ನೋಡಿದ್ದು ಕಾರಭಾರಿಯನ್ನು, ಮಾಲಕನನ್ನಲ್ಲ. ಟೇಲರ್ ಸ್ವತಃ ಪಗಾರದ ಮನುಷ್ಯ. ಹೈದರಾಬಾದಿನ ರೆಸಿಡೆಂಟ್ ಹೇಳಿದಂತೆ ಕೇಳಬೇಕಾದವ. ಕೆರೆ, ಕಂದಾಯ ಅವನ ಕೈಯಲ್ಲಿದ್ದವು, ಊರನ್ನು ಇಟ್ಟುಕೊಳ್ಳುವುದು ಕೊಡುವುದು ಅವನ ಕೈಯಲ್ಲಿರಲಿಲ್ಲ. 1858ರಲ್ಲಿ ಅವನನ್ನೇ ಮತ್ತೆ ಸುರಪುರಕ್ಕೆ ಕಳಿಸಿದರು.

1860ರಲ್ಲಿ ಬ್ರಿಟಿಷರು, 1857ರ ದಂಗೆಯಲ್ಲಿ ತಮ್ಮ ಪರ ನಿಂತದ್ದಕ್ಕಾಗಿ, ನಿಜಾಮನ 50 ಲಕ್ಷ ರೂಪಾಯಿ ಸಾಲ ಹೊಡೆದುಹಾಕಿದರು. ಅದೇ ಒಪ್ಪಂದದಲ್ಲಿ ಸುರಪುರವನ್ನೂ ಅವನಿಗೆ ಕೊಟ್ಟರು.