ಹಜಾರ್ಡ್ ಅನುಪಾತ (ವರ್ಗೀಯ ಚರಗಳು)

ಹಜಾರ್ಡ್ ಅನುಪಾತ ಅಥವಾ ಅಪಾಯ ದರಗಳ ಅನುಪಾತವು ಬದುಕುಳಿಯುವಿಕೆಯ ವಿಶ್ಲೇಷಣೆಯಲ್ಲಿ ಎರಡು ಗುಂಪುಗಳನ್ನು ಹೋಲಿಸಲು ಬಳಸುವ ಅಳತೆಯಾಗಿದೆ. ಒಂದು ಕ್ಷಣದವರೆಗೆ ಘಟನೆಗೆ (ಸಾವು, ರೋಗದ ಮರುಕಳಿಕೆ ಇತ್ಯಾದಿ) ಒಳಗಾಗದೆ ಉಳಿದವರಲ್ಲಿ ಆ ಕ್ಷಣದಲ್ಲಿ ಘಟನೆ ಸಂಭವಿಸುವ ದರವೇ ಅಪಾಯ ದರ. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕಾಕ್ಸ್ 1972ರಲ್ಲಿ ಮಂಡಿಸಿದ ಅನುಪಾತೀಯ ಅಪಾಯ ಮಾದರಿಯಲ್ಲಿ, ಚರದ ಗುಣಾಂಕವನ್ನು ಘಾತಾಂಕವಾಗಿ 'ಇ' ಸಂಖ್ಯೆಗೆ (ಸುಮಾರು 2.718) ಏರಿಸಿದಾಗ ಈ ಅನುಪಾತ ದೊರೆಯುತ್ತದೆ.

ಆಧಾರ ವರ್ಗ

ವಯಸ್ಸಿನಂತಹ ಸಂಖ್ಯಾ ಚರದಲ್ಲಿ ಅನುಪಾತವು ಒಂದು ವರ್ಷದ ಹೆಚ್ಚಳದ ಪರಿಣಾಮವನ್ನು ಸೂಚಿಸುತ್ತದೆ. ರೋಗದ ಬಗೆಯಂತಹ ವರ್ಗೀಯ ಚರದಲ್ಲಿ ಅಂತಹ ಹೆಚ್ಚಳಕ್ಕೆ ಅರ್ಥವಿಲ್ಲ. ಆದುದರಿಂದ ಒಂದು ವರ್ಗವನ್ನು ಆಧಾರವಾಗಿಟ್ಟು, ಉಳಿದ ಪ್ರತಿಯೊಂದಕ್ಕೂ 0 ಅಥವಾ 1 ಬೆಲೆಯ ಸೂಚಕ ಚರವನ್ನು ರಚಿಸಲಾಗುತ್ತದೆ. ನಾಲ್ಕು ವರ್ಗಗಳಿದ್ದರೆ ಫಲಿತಾಂಶದಲ್ಲಿ ಮೂರು ಸಾಲುಗಳು ಮಾತ್ರ ಕಾಣುತ್ತವೆ. ಕಾಣದ ವರ್ಗವೇ ಆಧಾರ, ಅದರ ಅನುಪಾತ 1. ಆಧಾರ ಯಾವುದೆಂದು ತಿಳಿಸದೆ ಪ್ರಕಟಿಸಿದ ಕೋಷ್ಟಕವನ್ನು ಓದಲಾಗದು.

ಉದಾಹರಣೆ

ಅಮೆರಿಕದ ಮಾಜಿ ಸೈನಿಕರ ಆಡಳಿತವು ನಡೆಸಿದ ಶ್ವಾಸಕೋಶ ಕ್ಯಾನ್ಸರ್ ಪ್ರಯೋಗದ ದತ್ತಾಂಶವು ಪಠ್ಯಪುಸ್ತಕಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಅದರಲ್ಲಿದ್ದ 137 ರೋಗಿಗಳ ಪೈಕಿ 128 ಮಂದಿಯ ಸಾವು ದಾಖಲಾಗಿದೆ. ಚಿಕಿತ್ಸೆ, ವಯಸ್ಸು, ಕಾರ್ನಾಫ್ಸ್ಕಿ ಅಂಕ, ರೋಗ ಪತ್ತೆಯಾದ ನಂತರದ ಅವಧಿ ಹಾಗೂ ಹಿಂದಿನ ಚಿಕಿತ್ಸೆಯನ್ನೂ ಮಾದರಿಯಲ್ಲಿ ಸೇರಿಸಿ, ಸ್ಕ್ವಾಮಸ್ ಬಗೆಯನ್ನು ಆಧಾರವಾಗಿಟ್ಟರೆ, ಸಣ್ಣ ಕೋಶದ ಬಗೆಗೆ 2.37, ಅಡೆನೊ ಬಗೆಗೆ 3.31, ದೊಡ್ಡ ಕೋಶದ ಬಗೆಗೆ 1.49 ಅನುಪಾತ ದೊರೆಯುತ್ತದೆ. ಇತರ ಚರಗಳು ಸಮಾನವಾಗಿರುವ ಇಬ್ಬರಲ್ಲಿ, ಸಣ್ಣ ಕೋಶದ ರೋಗಿಯ ಸಾವಿನ ದರವು ಸ್ಕ್ವಾಮಸ್ ರೋಗಿಯದರ 2.37 ಪಟ್ಟು ಎಂಬುದು ಇದರ ಅರ್ಥ. ಇದನ್ನು '2.37 ಪಟ್ಟು ಹೆಚ್ಚು' ಎನ್ನುವುದು ರೂಢಿಯಲ್ಲಿದ್ದರೂ ತಪ್ಪು, ಹೆಚ್ಚಳವು 1.37 ಪಟ್ಟು ಮಾತ್ರ.

ಆಧಾರವಲ್ಲದ ಎರಡು ವರ್ಗಗಳನ್ನು ಹೋಲಿಸಲು ಭಾಗಿಸಿದರೆ ಸಾಕು: ಸಣ್ಣ ಕೋಶಕ್ಕೆ ಹೋಲಿಸಿದಾಗ ಅಡೆನೊ ಬಗೆಯ ಅನುಪಾತ 3.31 ÷ 2.37, ಅಂದರೆ ಸುಮಾರು 1.40. ಆದರೆ ಇದರ ವಿಶ್ವಾಸಾಂತರವನ್ನು ಹೀಗೆ ಭಾಗಿಸಿ ಪಡೆಯಲಾಗದು. ಆಧಾರವನ್ನು ಬದಲಿಸಿ ಮಾದರಿಯನ್ನು ಪುನಃ ಅಳವಡಿಸುವುದು ಸುಲಭದ ದಾರಿ.

ದೊಡ್ಡ ಕೋಶದ ಬಗೆಯ 95% ವಿಶ್ವಾಸಾಂತರ 0.86ರಿಂದ 2.60. ಇದು 1ನ್ನು ಒಳಗೊಂಡಿದೆಯೆಂದು ಆ ಒಂದು ಸಾಲನ್ನು ಕೈಬಿಡುವಂತಿಲ್ಲ. ಹಾಗೆ ಮಾಡಿದರೆ ಆ ರೋಗಿಗಳು ಆಧಾರ ವರ್ಗದೊಳಗೆ ಸೇರಿಹೋಗಿ ಉಳಿದ ಅನುಪಾತಗಳ ಅರ್ಥವೇ ಬದಲಾಗುತ್ತದೆ. ಕೋಶದ ಬಗೆಯು ಮುಖ್ಯವೇ ಎಂಬುದನ್ನು ಮೂರೂ ಗುಣಾಂಕಗಳನ್ನು ಒಟ್ಟಿಗೆ ಪರೀಕ್ಷಿಸಿ ನಿರ್ಧರಿಸಬೇಕು.

ತಪ್ಪು ಗ್ರಹಿಕೆಗಳು

ಅನುಪಾತ 2 ಎಂದರೆ ಆಯುಸ್ಸು ಅರ್ಧವಾಯಿತೆಂದಾಗಲಿ, ಸಾಯುವ ಸಂಭವನೀಯತೆ ಇಮ್ಮಡಿಯಾಯಿತೆಂದಾಗಲಿ ಅಲ್ಲ. ಮೇಲಿನ ದತ್ತಾಂಶದಲ್ಲೇ ಸಣ್ಣ ಕೋಶ ಮತ್ತು ಅಡೆನೊ ಗುಂಪುಗಳೆರಡರ ಮಧ್ಯಾಂಕ ಬದುಕುಳಿಯುವ ಅವಧಿ 51 ದಿನಗಳು. ದೊಡ್ಡ ಕೋಶದವರದು 156, ಸ್ಕ್ವಾಮಸ್‌ನವರದು 118. ಆದರೂ ದೊಡ್ಡ ಕೋಶದ ಅನುಪಾತ 1ಕ್ಕಿಂತ ಮೇಲಿದೆ. ಮಧ್ಯಾಂಕವು ಬದುಕುಳಿಯುವಿಕೆಯ ವಕ್ರರೇಖೆಯ ಒಂದು ಬಿಂದು ಮಾತ್ರ. ಅನುಪಾತವು ಇಡೀ ಅವಧಿಯನ್ನು ಪರಿಗಣಿಸುತ್ತದೆ, ಇತರ ಚರಗಳಿಗೂ ಹೊಂದಿಸಲ್ಪಟ್ಟಿರುತ್ತದೆ.

ಕಾಲ ಸರಿದರೂ ಅನುಪಾತ ಬದಲಾಗದೆಂಬುದು ಕಾಕ್ಸ್ ಮಾದರಿಯ ಮೂಲ ಊಹೆ. ಇದನ್ನು ಷೋನ್‌ಫೆಲ್ಡ್ ಶೇಷಗಳ ಮೂಲಕ ಪರೀಕ್ಷಿಸುತ್ತಾರೆ. ಈ ದತ್ತಾಂಶದಲ್ಲಿ ಕಾರ್ನಾಫ್ಸ್ಕಿ ಅಂಕದ ಪ್ರಭಾವವು ದಿನ ಕಳೆದಂತೆ ಕುಗ್ಗುವುದರಿಂದ ಊಹೆಯು ಪೂರ್ಣವಾಗಿ ನಿಲ್ಲುವುದಿಲ್ಲ. ಅಂತಹ ಸಂದರ್ಭದಲ್ಲಿ ದೊರೆಯುವ ಒಂದೇ ಸಂಖ್ಯೆಯನ್ನು ಅಧ್ಯಯನದ ಅವಧಿಯ ಒಂದು ಬಗೆಯ ಸರಾಸರಿಯೆಂದು ಓದಬೇಕಾಗುತ್ತದೆ.