ಹಿಮ ಬೀಳುವ ಮುನ್ನ

ದಸರೆಯ ಗೊಂಬೆಗಳು ಪೆಟ್ಟಿಗೆ ಸೇರಿದವೋ ಇಲ್ಲವೋ, ದೆಹಲಿಯ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ಪೆಟ್ಟಿಗೆ ತೆರೆಯುತ್ತದೆ. ರಜಾಯಿಗಳು ಬಿಸಿಲಿಗೆ ಬೀಳುತ್ತವೆ, ನುಸಿಗುಳಿಗೆಯ ವಾಸನೆ ಹೊತ್ತ ಸ್ವೆಟರುಗಳು ಹೊರಬರುತ್ತವೆ. ಮೈಸೂರಿನಿಂದಲೋ ಧಾರವಾಡದಿಂದಲೋ ಹೊಸದಾಗಿ ಬಂದವರಿಗೆ ಇದೆಲ್ಲ ಅತಿಯಾಯಿತೆಂದು ತೋರಿದರೂ ಡಿಸೆಂಬರಿನ ಕೊನೆಯ ವಾರವನ್ನು ಒಮ್ಮೆ ಕಂಡ ಮೇಲೆ ಅವರೂ ನಮ್ಮ ಸಾಲಿಗೇ ಸೇರುತ್ತಾರೆ. ಅಷ್ಟಾದರೂ ದೆಹಲಿಯಲ್ಲಿ ಹಿಮ ಬೀಳುವುದಿಲ್ಲ. ಹಿಮ ಈ ವರ್ಷ ಬೇಗ ಬೀಳಬಹುದು, ತಡವಾಗಬಹುದು, ದಾರಿಯನ್ನು ಮುಚ್ಚಬಹುದು, ಮುಚ್ಚದೆಯೂ ಇರಬಹುದು ಎಂಬ ಅನಿಶ್ಚಯದ ನಡುವೆ ಐದಾರು ತಿಂಗಳ ಬದುಕನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುವುದೆಂದರೆ ಏನೆಂದು ತಿಳಿಯಬೇಕಾದರೆ ಇನ್ನೂ ಉತ್ತರಕ್ಕೆ, ಕಾಶ್ಮೀರ ಮತ್ತು ಲದಾಖುಗಳ ಕಡೆಗೆ ನೋಡಬೇಕು. ಆ ಸೀಮೆಯ ಚರಿತ್ರೆಯಲ್ಲಿ ರಾಜರು, ದಂಡನಾಯಕರು ಎಷ್ಟು ಮುಖ್ಯರೋ ಹಿಮವೂ ಅಷ್ಟೇ ಮುಖ್ಯ. ಅದರ ಒಂದು ಅಧ್ಯಾಯದಲ್ಲಿ ನಮ್ಮ ಕೊಡಗಿನವರಿಬ್ಬರು ಇದ್ದಾರೆಂಬುದರಿಂದ ಈ ಲೇಖನವನ್ನು ನಮ್ಮ ಪತ್ರಿಕೆಗೆ ಬರೆಯಲು ನಮಗೆ ಹೆಚ್ಚಿನ ಉತ್ಸಾಹ ಉಂಟಾಗಿದೆ.

ಮೊದಲು ಮನೆಯ ಮಾತು. ಕಾಶ್ಮೀರದ ಕಣಿವೆಯಲ್ಲಿ ಚಳಿಗಾಲಕ್ಕೆ ಲೆಕ್ಕವುಂಟು. ಡಿಸೆಂಬರ್ 21ರಿಂದ ನಲವತ್ತು ದಿನ ‘ಚಿಲ್ಲೈ ಕಲಾನ್’, ಅಂದರೆ ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಸಣ್ಣ ಚಳಿ, ಕೊನೆಯ ಹತ್ತು ದಿನ ಮರಿ ಚಳಿ. ಈ ಎಪ್ಪತ್ತು ದಿನಗಳಿಗೆ ಬೇಕಾದ ತರಕಾರಿಯನ್ನು ಹೆಂಗಸರು ಬೇಸಗೆಯ ಕೊನೆಯಲ್ಲೇ ಹೆಚ್ಚಿ ಒಣಗಿಸುತ್ತಾರೆ. ಸೋರೆಕಾಯಿಯ ಸುರುಳಿಗಳು, ಬದನೆಕಾಯಿ, ಟೊಮೇಟೊ, ಟರ್ನಿಪ್ ಗೆಡ್ಡೆಯ ಬಿಲ್ಲೆಗಳು ದಾರಕ್ಕೆ ಪೋಣಿಸಿ ಕಿಟಕಿಗಳಿಂದ ಇಳಿಬಿದ್ದಿರುತ್ತವೆ. ಇದಕ್ಕೆ ‘ಹೋಖ್ ಸ್ಯೂನ್’ ಎಂದು ಹೆಸರು. ಒಣ ಪಲ್ಯ ಎಂದೇ ಅರ್ಥ. ಮೀನೂ ಒಣಗುತ್ತದೆ. ಉದುರಿದ ಚಿನಾರ್ ಎಲೆಗಳನ್ನು ಗುಡಿಸಿ, ಸುಟ್ಟು, ಇದ್ದಿಲು ಮಾಡಿ ಮೂಟೆ ಕಟ್ಟಿಡುತ್ತಾರೆ. ಬೆತ್ತದ ಬುಟ್ಟಿಯೊಳಗೆ ಮಣ್ಣಿನ ಬೋಗುಣಿ ಕೂರಿಸಿದ ‘ಕಾಂಗ್ಡಿ’ಗೆ ಈ ಇದ್ದಿಲೇ ಆಹಾರ, ಕಾಂಗ್ಡಿಯನ್ನು ‘ಫೆರನ್’ ಎಂಬ ನಿಲುವಂಗಿಯೊಳಗೆ ಇಟ್ಟುಕೊಂಡೇ ಜನ ಓಡಾಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಮೃಗಶಿರೆ ಹಿಡಿಯುವ ಮುನ್ನ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಮಾಡಿ, ಹಲಸಿನ ಬೀಜ ಕೂಡಿಡುವುದನ್ನು ಕಂಡವರಿಗೆ ಈ ಸಡಗರದ ಹಿಂದಿರುವ ಅಂಜಿಕೆ ಕೂಡಲೇ ಅರ್ಥವಾದೀತು. ನೀರು ಸುರಿಯುವುದರ ಬದಲು ಅಲ್ಲಿ ಬಿಳಿಯದು ಸುರಿಯುತ್ತದೆ, ಅಷ್ಟೇ ವ್ಯತ್ಯಾಸ.

ಮನೆಯವರು ಇಷ್ಟು ಎಚ್ಚರದಿಂದಿದ್ದರೂ ಆಳುವವರು ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1877ರ ಕ್ಷಾಮವೇ ಸಾಕ್ಷಿ. 1889ರಿಂದ ಕಾಶ್ಮೀರದಲ್ಲಿ ಕಂದಾಯದ ಬಂದೋಬಸ್ತು ನಡೆಸಿದ ವಾಲ್ಟರ್ ಲಾರೆನ್ಸ್ 1895ರಲ್ಲಿ ಹೊರತಂದ ಗ್ರಂಥದಲ್ಲಿ ಅದರ ವಿವರಗಳಿವೆ. ಆಗ ಸರಕಾರದ ಪಾಲು ಧಾನ್ಯದ ರೂಪದಲ್ಲಿಯೇ ಸಲ್ಲಬೇಕಾಗಿತ್ತು. ಅಧಿಕಾರಿಗಳು ಬಂದು ಪಾಲು ಗೊತ್ತುಮಾಡುವವರೆಗೆ ರೈತ ತಾನು ಬೆಳೆದ ಬೆಳೆಯನ್ನು ಮುಟ್ಟುವಂತಿರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಹಿಡಿದ ಮಳೆ ಜನವರಿಯವರೆಗೂ ಬಿಡಲಿಲ್ಲ. ಭತ್ತ ಗದ್ದೆಯಲ್ಲೇ ಕೊಳೆಯಿತು. ಆಮೇಲಿನ ಎರಡು ವರ್ಷ ಕಣಿವೆ ಕಂಡ ಸಾವುನೋವಿಗೆ ಲೆಕ್ಕವಿಲ್ಲ. ಮಳೆ ದೈವದ್ದೇ ಇರಬಹುದು. ಕೊಯ್ಲು ತಡವಾದದ್ದು ಮಾತ್ರ ಮನುಷ್ಯರ ಕೆಲಸ ಎಂದೇ ನಮ್ಮ ಅಭಿಪ್ರಾಯ.

ದಂಡಯಾತ್ರೆಗಳ ಕಥೆ ಇನ್ನೂ ಕಠೋರವಾದದ್ದು. ಲದಾಖನ್ನು ಗೆದ್ದ ಡೋಗ್ರಾ ಸೇನಾಪತಿ ಜೋರಾವರ್ ಸಿಂಗ್ 1841ರ ಬೇಸಗೆಯಲ್ಲಿ ಐದಾರು ಸಾವಿರ ಜನರೊಡನೆ ಪಶ್ಚಿಮ ಟಿಬೆಟ್ಟಿಗೆ ನುಗ್ಗಿ, ಮಾನಸ ಸರೋವರವನ್ನು ದಾಟಿ, ನೇಪಾಳದ ಗಡಿಯ ಬಳಿಯ ತಕ್ಲಾಕೋಟ್‌ವರೆಗೆ ಹೋದ. ಗೆಲುವಿನ ಮೇಲೆ ಗೆಲುವು. ಆದರೆ ಬೇಸಗೆ ಮುಗಿದಿತ್ತು, ಊರು ನೂರಾರು ಮೈಲಿ ಹಿಂದೆ ಉಳಿದಿತ್ತು, ನಡುವಿನ ಕಣಿವೆದಾರಿಗಳು ಹಿಮದಿಂದ ಮುಚ್ಚುತ್ತಿದ್ದವು. ಹದಿನೈದು ಸಾವಿರ ಅಡಿ ಎತ್ತರದಲ್ಲಿ ಸೌದೆಯೆಲ್ಲಿ ಸಿಕ್ಕೀತು? ಸೈನಿಕರು ಮೈ ಕಾಯಿಸಿಕೊಳ್ಳಲು ತಮ್ಮ ಬಂದೂಕುಗಳ ಮರದ ಹಿಡಿಗಳನ್ನೇ ಸುಟ್ಟರೆಂದು ಕನ್ನಿಂಗ್‌ಹ್ಯಾಮ್ ತನ್ನ ಲದಾಖಿನ ಗ್ರಂಥದಲ್ಲಿ ಬರೆದಿದ್ದಾನೆ. ಬೆರಳುಗಳು ಚಳಿಗೆ ಸತ್ತು, ಎಷ್ಟೋ ಜನ ಆಯುಧ ಹಿಡಿಯಲಾರದೆ ಹೋದರು. ಡಿಸೆಂಬರ್ 12ರಂದು ಜೋರಾವರ್ ಸಿಂಗ್ ಯುದ್ಧಭೂಮಿಯಲ್ಲಿ ಮಡಿದ. ಹಿಂದಿರುಗಿದವರು ಬಹಳ ಕಡಿಮೆ.

ಇದಾದ ನೂರೇಳು ವರ್ಷಗಳ ಮೇಲೆ ಅದೇ ಲದಾಖಿನ ಬಾಗಿಲಲ್ಲಿ ಭಾರತದ ಸೇನೆ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೋಜಿಲಾ ಕಣಿವೆಯನ್ನು ದಾಟಬೇಕು. ಈಚೆಗೆ ಹಸುರು ಕಾಶ್ಮೀರ, ಆಚೆಗೆ ಬೋಳು ಬೆಟ್ಟಗಳ ಲದಾಖ್. ಆ ಕಾಲದಲ್ಲಿ ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಹಿಮ ಬಿದ್ದು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳಿಗೇ.

1948ರ ಫೆಬ್ರವರಿಯಲ್ಲಿ, ಅಂದರೆ ಯಾರೂ ಕಾಲಿಡದ ಸಮಯದಲ್ಲಿ, ಮೇಜರ್ ಪೃಥಿ ಚಂದ್ ಎಂಬ ಲಾಹೌಲದ ಅಧಿಕಾರಿ ಸುಮಾರು ನಲವತ್ತು ಸ್ವಯಂಸೇವಕ ಯೋಧರೊಡನೆ ಜೋಜಿಲಾವನ್ನು ದಾಟಿದರು. ಅವರಲ್ಲಿ ಹೆಚ್ಚಿನವರು ಹಿಮದಲ್ಲೇ ಹುಟ್ಟಿ ಬೆಳೆದ ಲಾಹೌಲಿಗಳು. ತಮ್ಮ ಸಾಮಾನಿನ ಜೊತೆಗೆ ಲೇಹ್‌ನಲ್ಲಿ ಕಟ್ಟಬೇಕಾಗಿದ್ದ ದಳಕ್ಕೆ ಬೇಕಾದ ಬಂದೂಕುಗಳನ್ನೂ ಸಾಗಿಸಿಕೊಂಡು ಮಾರ್ಚಿನಲ್ಲಿ ಅವರು ಲೇಹ್ ಮುಟ್ಟಿದರು. ಲದಾಖಿನವರೇ ಆದ ಇಂಜಿನಿಯರ್ ಸೋನಮ್ ನೋರ್ಬು ಊರ ಜನರನ್ನು ಕೂಡಿಸಿಕೊಂಡು ಸಿಂಧೂ ನದಿಯ ಬಳಿ ಕೆಲವೇ ವಾರಗಳಲ್ಲಿ ವಿಮಾನ ಇಳಿಯುವಂಥ ಒಂದು ಮೈದಾನವನ್ನು ಸಿದ್ಧಮಾಡಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನವನ್ನು ಇಳಿಸಿದಾಗ ಅದರಲ್ಲಿ ಪಯಣಿಗರಾಗಿ ಬಂದಿದ್ದವರು ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು ಆಗತಾನೇ ಕಾಶ್ಮೀರದ ಡಿವಿಜನ್ನಿನ ಹೊಣೆ ಹೊತ್ತಿದ್ದರು. ಅವರ ಮೇಲಿನ ಅಧಿಕಾರಿ, ಪಶ್ಚಿಮ ರಂಗದ ಸೇನೆಗೆಲ್ಲ ಮುಖ್ಯರಾಗಿದ್ದ ಕೆ. ಎಂ. ಕಾರಿಯಪ್ಪನವರೂ ಕೊಡಗಿನವರೇ, ಶನಿವಾರಸಂತೆಯಲ್ಲಿ ಜನಿಸಿದವರು. ಆಷಾಢದ ಮಳೆಗೆ ಮೊದಲೇ ಕಣಜ ತುಂಬಿಸಿಕೊಳ್ಳುವ ನಾಡಿನಿಂದ ಬಂದವರ ಕೈಯಲ್ಲಿ ಹಿಮದ ಲೆಕ್ಕ ಹಾಕುವ ಕೆಲಸ ಬಿದ್ದದ್ದು ಕಾಕತಾಳೀಯವೇ ಇರಬಹುದು. ಹಾಗೆಂದು ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಬೇಸಗೆಯಲ್ಲಿ ಪರಿಸ್ಥಿತಿ ಕೆಟ್ಟಿತು. ಕಾರ್ಗಿಲ್, ದ್ರಾಸ್‌ಗಳು ಶತ್ರುವಿನ ವಶವಾದವು, ಜೋಜಿಲಾವೂ ಹೋಯಿತು. ಆಗಸ್ಟ್ 14ರಂದು ಸ್ಕರ್ದು ಕೋಟೆಯೂ ಬಿದ್ದಿತು. ಲೇಹ್‌ಗೆ ಉಳಿದದ್ದು ಆ ವಿಮಾನದ ಮೈದಾನ ಮತ್ತು ಮನಾಲಿಯಿಂದ ಎತ್ತರದ ಕಣಿವೆಗಳನ್ನು ದಾಟಿ ಬರುವ ಹೇಸರಗತ್ತೆಯ ದಾರಿ. ಆ ದಾರಿಯೂ ಚಳಿಗಾಲದಲ್ಲಿ ಮುಚ್ಚುವಂಥದ್ದೇ. ಮೋಡ ಕವಿದರೆ ವಿಮಾನವಿಲ್ಲ. ಹಿಮ ಬೀಳುವುದರೊಳಗೆ ಜೋಜಿಲಾ ಕೈಗೆ ಬಾರದಿದ್ದರೆ ಲೇಹ್ ಮುಂದಿನ ಬೇಸಗೆಯವರೆಗೆ ಉಳಿಯುವುದು ಕಷ್ಟ. ಸೆಪ್ಟೆಂಬರಿನಲ್ಲಿ ಪದಾತಿಗಳು ಮಾಡಿದ ದಾಳಿಗಳು ವಿಫಲವಾದವು. ಎರಡೂ ಕಡೆಯ ಬಂಡೆಗಳ ಪೊಟರೆಗಳಲ್ಲಿ ಮೆಷಿನ್‌ಗನ್ ಹಿಡಿದು ಕುಳಿತವರ ಎದುರು ಬಯಲಲ್ಲಿ ನಡೆದುಹೋಗುವುದು ಸಾಧ್ಯವಿರಲಿಲ್ಲ. ದಿನಗಳು ಕಳೆಯುತ್ತಿದ್ದವು.

ಆಗ ತಿಮ್ಮಯ್ಯನವರು ತೆಗೆದುಕೊಂಡ ನಿರ್ಧಾರ ಯಾರೂ ಊಹಿಸದಂಥದು: ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸುವುದು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಕಾದಿದ ಉದಾಹರಣೆಯೇ ಆಗ ಇರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ‘ಸ್ಪ್ಯಾರೋ’ ಅವರ ಏಳನೆಯ ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ, ಗೋಪುರಗಳನ್ನು ಬಿಚ್ಚಿ ಬೇರೆಮಾಡಿ, ಗುಟ್ಟಾಗಿ ಕಣಿವೆಗೆ ತರಲಾಯಿತು. ದಾರಿಯ ಸೇತುವೆಗಳು ಅಂಥ ಭಾರಕ್ಕೆ ಕಟ್ಟಿದವಲ್ಲ. ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳ ಕಾಲುದಾರಿ. ಅದನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿಕೊಟ್ಟವರು ಮೇಜರ್ ತಂಗರಾಜು ಅವರ ನೇತೃತ್ವದ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಈ ಸ್ಯಾಪರುಗಳ ಕೇಂದ್ರವಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡೇ ಇರುತ್ತಾರೆ. ದಕ್ಷಿಣದ ಸೆಕೆಯ ಊರುಗಳಿಂದ ಹೋದ ಆ ಜನ ಗುಂಡಿನ ಮಳೆಯ ಕೆಳಗೆ, ಚಳಿಯಲ್ಲಿ, ಬಂಡೆ ಸಿಡಿಸಿ ಕೆಲವೇ ವಾರಗಳಲ್ಲಿ ದಾರಿ ಮಾಡಿದರು. ಟ್ಯಾಂಕಿನವರಿಗೆ ಸಂದ ಕೀರ್ತಿಯಲ್ಲಿ ಇವರ ಪಾಲು ಇನ್ನಷ್ಟು ದೊಡ್ಡದಾಗಿರಬೇಕಿತ್ತೆಂದು ನಮಗೆ ಅನಿಸುತ್ತದೆ.

ದಾಳಿಗೆ ಮೊದಲು ‘ಡಕ್’ ಎಂಬ ಸಂಕೇತನಾಮವಿತ್ತು. ಕಾರಿಯಪ್ಪನವರು ಅದನ್ನು ‘ಬೈಸನ್’ ಎಂದು ಬದಲಿಸಿದರು. ಬಾತುಕೋಳಿಗಿಂತ ಕಾಡುಕೋಣ ವಾಸಿ ಎಂದು ಕೊಡಗಿನವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹವೆ ಕೆಟ್ಟು ದಾಳಿ ಕೆಲವು ದಿನ ಮುಂದೆ ಹೋಯಿತು. ಇನ್ನು ಕಾದರೆ ಹಿಮ ದಾರಿಯನ್ನೇ ನುಂಗುತ್ತಿತ್ತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಗುಮ್ರಿಯ ಬಯಲಿಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಬಂಡೆಗಳ ಪೊಟರೆಗಳಿಗೆ ನೇರವಾಗಿ ಗುಂಡು ಬೀಳತೊಡಗಿದಾಗ, ಎದುರಿಗೆ ಟ್ಯಾಂಕು ಬಂದೀತೆಂದು ಕನಸಿನಲ್ಲೂ ಎಣಿಸದಿದ್ದ ಶತ್ರು ನಿಲ್ಲಲಿಲ್ಲ. ಎರಡು ತಿಂಗಳಿಂದ ಬಗ್ಗದಿದ್ದ ಜೋಜಿಲಾ ಒಂದೇ ದಿನದಲ್ಲಿ ಕೈಗೆ ಬಂದಿತು.

ಅಲ್ಲಿಂದ ಮುಂದೆ ಹಿಮದೊಡನೆ ಓಟ. ನವೆಂಬರ್ ಮಧ್ಯದಲ್ಲಿ ದ್ರಾಸ್, 23ರಂದು ಕಾರ್ಗಿಲ್. ಮರುದಿನ ಲೇಹ್ ಕಡೆಯಿಂದ ಬಂದ ಪಡೆಯೊಡನೆ ಕೂಟ. ಪದಾತಿಗಳಿಗೆ ಆ ಎತ್ತರಕ್ಕೆ ತಕ್ಕ ಉಡುಪಿರಲಿಲ್ಲ. ಕಾಲ್ಬೆರಳುಗಳನ್ನು ಚಳಿಗೆ ಕಳೆದುಕೊಂಡವರಿದ್ದರು. 1949ರ ಜನವರಿ 1ರಂದು ಯುದ್ಧವಿರಾಮ ಜಾರಿಗೆ ಬಂದಾಗ ಲೇಹ್‌ನ ರಸ್ತೆ ಭಾರತದ ಕೈಯಲ್ಲಿತ್ತು. ದಾಳಿ ಇನ್ನೊಂದು ತಿಂಗಳು ತಡವಾಗಿದ್ದರೆ ಲದಾಖಿನ ನಕ್ಷೆ ಬೇರೆಯೇ ಆಗುತ್ತಿತ್ತು.

ಇಷ್ಟು ಕಂಡುಂಡ ದೇಶ ಹದಿನಾಲ್ಕೇ ವರ್ಷಗಳಲ್ಲಿ ಎಲ್ಲವನ್ನೂ ಮರೆತದ್ದು ಹೇಗೆಂಬುದು ನಮಗೆ ಇಂದಿಗೂ ಬಿಡಿಸದ ಒಗಟು. ತಿಮ್ಮಯ್ಯನವರು ಸೇನಾ ಮುಖ್ಯಸ್ಥರ ಪದವಿಯಿಂದ 1961ರಲ್ಲಿ ನಿವೃತ್ತರಾದರು. ಮರುವರ್ಷದ ಅಕ್ಟೋಬರಿನಲ್ಲಿ ಪೂರ್ವದ ಗಡಿಯ ನಮ್ಕಾ ಛೂ ದಂಡೆಯಲ್ಲಿ ನಮ್ಮ ಜವಾನರು ಹತ್ತಿಯ ಸಮವಸ್ತ್ರ, ಕ್ಯಾನ್‌ವಾಸ್ ಬೂಟುಗಳಲ್ಲಿ ನಿಂತಿದ್ದರು. ಅಲ್ಲಿ ಸೆರೆಯಾದ ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಕನ್ನಡ ಅನುವಾದದಿಂದ ನಮ್ಮವರಿಗೂ ಪರಿಚಿತ. ಹೆಚ್ಚು ಹೇಳಬೇಕಾಗಿಲ್ಲ.

ಆ ಪೆಟ್ಟಿನ ನಂತರ ಸಿದ್ಧತೆ ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಬೇಸಗೆಯಲ್ಲಿ ದಾರಿ ತೆರೆದೊಡನೆ ಲಾರಿಗಳ ಸಾಲು ಹೊರಡುತ್ತದೆ. ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧಿ, ಬೂಟು, ಮದ್ದುಗುಂಡು ಎಲ್ಲವೂ ನವೆಂಬರಿನೊಳಗೆ ಆಯಾ ಠಾಣೆಯನ್ನು ಸೇರಬೇಕು. ಕೊನೆಯ ಹಂತ ಲಾರಿಯಲ್ಲಲ್ಲ, ಹೇಸರಗತ್ತೆಯ ಬೆನ್ನಿನ ಮೇಲೆ ಇಲ್ಲವೇ ಕೂಲಿಯವರ ತಲೆಯ ಮೇಲೆ. ಅಂಥ ಎತ್ತರದಲ್ಲಿ ಏನು ತಿನ್ನಬೇಕು, ತಿಂದದ್ದು ಕೆಡದಿರುವುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದು ನಮ್ಮ ಮೈಸೂರಿನಲ್ಲಿ, 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ. ತಿಂಗಳುಗಟ್ಟಲೆ ಕೆಡದ ಚಪಾತಿಯನ್ನು ಸೈನಿಕರಿಗಾಗಿ ಅಲ್ಲಿ ರೂಪಿಸಿದರು. ಮನೆಯಲ್ಲಿ ಬೆಳಗಿನ ಚಪಾತಿ ಸಂಜೆಗೆ ಚರ್ಮವಾಗುವುದನ್ನು ಬಲ್ಲ ಗೃಹಿಣಿಯರು ಇದರ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ಆದರೂ ಹಿಮದ ವಿಷಯದಲ್ಲಿ ಇನ್ನೊಂದು ಲೆಕ್ಕ ತಪ್ಪಿತು. ಕಾರ್ಗಿಲ್ ಸುತ್ತಿನ ಎತ್ತರದ ಠಾಣೆಗಳನ್ನು ಚಳಿಗಾಲದಲ್ಲಿ ತೆರವು ಮಾಡಿ ಬೇಸಗೆಗೆ ಹತ್ತುವುದು ಎರಡೂ ಕಡೆಯವರ ರೂಢಿಯಾಗಿತ್ತು. 1999ರಲ್ಲಿ ಹಿಮ ಕರಗುವುದಕ್ಕೆ ಮೊದಲೇ ಆ ಶಿಖರಗಳಲ್ಲಿ ಬೇರೆಯವರು ಕುಳಿತಿದ್ದರು. ಮೇ ತಿಂಗಳಿಂದ ಜುಲೈ 26ರವರೆಗೆ ನಡೆದ ಯುದ್ಧದ ಬಳಿಕ ಆ ಶಿಖರಗಳನ್ನು ಚಳಿಗಾಲದಲ್ಲೂ ಕಾಯುವುದು ಅನಿವಾರ್ಯವಾಯಿತು. ಕೂಡಿಡಬೇಕಾದ ಸಾಮಗ್ರಿಯೂ ಅಷ್ಟೇ ಬೆಳೆಯಿತು. 2020ರ ಗಲ್ವಾನ್ ಘಟನೆಯ ನಂತರ ಹತ್ತಾರು ಸಾವಿರ ಹೆಚ್ಚಿನ ಸೈನಿಕರಿಗೆ ಕೆಲವೇ ತಿಂಗಳಲ್ಲಿ ಚಳಿಗಾಲದ ವಸತಿ, ಉಡುಪು, ಆಹಾರ ಒದಗಿಸಬೇಕಾಯಿತು.

ಜೋಜಿಲಾ ಈಗ ಮೊದಲಿನಷ್ಟು ಹಟಮಾರಿಯಲ್ಲ. ಆರು ತಿಂಗಳು ಮುಚ್ಚುತ್ತಿದ್ದ ದಾರಿ, ಗಡಿ ರಸ್ತೆಯವರು ಹಿಮ ಸರಿಸುವ ಯಂತ್ರಗಳೊಂದಿಗೆ ದುಡಿದದ್ದರಿಂದ, 2025ರಲ್ಲಿ ಮೂವತ್ತೆರಡೇ ದಿನ ಮುಚ್ಚಿತ್ತು. ಅದೇ ವರ್ಷದ ಜನವರಿಯಲ್ಲಿ ಸೋನಮಾರ್ಗದ ಸುರಂಗ ತೆರೆಯಿತು. ಜೋಜಿಲಾದ ಕೆಳಗೇ ಸುಮಾರು ಹದಿಮೂರು ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆಯುವ ಕೆಲಸ 2020ರ ಅಕ್ಟೋಬರಿನಲ್ಲಿ ಆರಂಭವಾಯಿತು. ಹೀಗಿದ್ದರೂ ಲದಾಖಿನ ಹಳ್ಳಿಗಳಲ್ಲಿ ಶರತ್ಕಾಲ ಬಂದರೆ ಮಾಳಿಗೆಯ ಮೇಲೆ ಹುಲ್ಲಿನ ಹೊರೆ ಏರುತ್ತದೆ, ಗೋಡೆಯುದ್ದಕ್ಕೂ ಬೆರಣಿ ಒಣಗುತ್ತದೆ, ನೆಲದಲ್ಲಿ ಗುಂಡಿ ತೋಡಿ ಮೂಲಂಗಿ, ಆಲೂಗೆಡ್ಡೆ, ಕ್ಯಾರೆಟ್ಟುಗಳನ್ನು ಹೂಳುತ್ತಾರೆ. ಶ್ರೀನಗರದ ಪೇಟೆಯಲ್ಲೂ ತಾಜಾ ತರಕಾರಿಯ ರಾಶಿಯ ಪಕ್ಕದಲ್ಲೇ ಒಣಗಿಸಿದ ಸೋರೆಕಾಯಿಯ ಸರಗಳು ತೂಗುತ್ತಿರುತ್ತವೆ. ತಾಜಾ ತರಕಾರಿಗಿಂತ ಅವಕ್ಕೇ ಬೆಲೆ ಹೆಚ್ಚು.