ಕಪ್ಪೆಯ ಹೃದಯದಿಂದ ತಂತಿಯ ತುದಿಗೆ

ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಅರ್ಧ ಪ್ರೋಟೀನು ಮುಂತಾದವಕ್ಕೆ ಅಂಟಿಕೊಂಡಿರುತ್ತದೆ. ಹೃದಯಕ್ಕೆ, ಸ್ನಾಯುಗಳಿಗೆ ಒದಗುವುದು ಉಳಿದರ್ಧ, ಬಿಡಿ ಅಯಾನು. ವೈದ್ಯರಾದ ನಮಗೆ ಬಹುಕಾಲ ಸಿಗುತ್ತಿದ್ದುದು ಎರಡೂ ಕೂಡಿದ ಮೊತ್ತ. ಆಲ್ಬುಮಿನ್ ಇಳಿದ ರೋಗಿಯಲ್ಲಿ ಅದು ದಾರಿ ತಪ್ಪಿಸುತ್ತದೆ.

1934ರಲ್ಲಿ ಮೆಕ್ಲೀನ್, ಹೇಸ್ಟಿಂಗ್ಸ್ ಬಿಡಿ ಅಯಾನನ್ನು ಅಳೆದದ್ದು ಕಪ್ಪೆಯ ಹೃದಯದ ಬಡಿತದಿಂದ! ದಿನನಿತ್ಯದ ಆಸ್ಪತ್ರೆಗೆ ಒಗ್ಗುವ ಮಾತೇ? 1967ರಲ್ಲಿ ಅಮೆರಿಕದ ಜೇಮ್ಸ್ ರಾಸ್ ದ್ರವಪೊರೆಯ ಎಲೆಕ್ಟ್ರೋಡ್ ತಂದರು. 1970ರಲ್ಲಿ ಕಾರ್ಡಿಫ್‌ನ ಮೂಡಿ, ಓಕ್, ಥಾಮಸ್ ಆ ದ್ರವವನ್ನು ಪಿ.ವಿ.ಸಿ.ಯಲ್ಲಿ (ನೀರಿನ ಪೈಪಿನ ಪ್ಲಾಸ್ಟಿಕ್ಕೇ!) ಹಿಡಿದಿಟ್ಟರು. 1971ರಲ್ಲಿ ಕ್ಯಾಟ್ರಲ್, ಫ್ರೈಸರ್ ಅಂಥದೇ ಪೊರೆಯನ್ನು ಬರಿಯ ಪ್ಲಾಟಿನಂ ತಂತಿಗೆ ಬಳಿದು, ಒಳಗಿನ ದ್ರಾವಣವನ್ನೇ ಕೈಬಿಟ್ಟರು. ಅಗ್ಗದ ಸೆನ್ಸರಿನ ಬೇರು ಇಲ್ಲಿದೆ.

ತೊಡಕೂ ಇಲ್ಲೇ. ಇಂಥ ತಂತಿಯ ವೋಲ್ಟೇಜು ನಿಂತಲ್ಲಿ ನಿಲ್ಲದು. 1 ಮಿಲಿವೋಲ್ಟ್ ಸರಿದರೆ ಉತ್ತರ ಶೇ. 8ರಷ್ಟು ತಪ್ಪುತ್ತದೆ. ಆದ್ದರಿಂದ ಪ್ರಮಾಣ ಗೊತ್ತಿರುವ ದ್ರಾವಣದಲ್ಲಿ ಆಗಾಗ ಅದ್ದಿ ಹೊಂದಿಸಲೇಬೇಕು. ತಂತಿ ಅಗ್ಗ, ಆ ಕೆಲಸ ಅಗ್ಗವಲ್ಲ.